ಟವರ್ ಕಟ್ಟೋಕೆ ಮುಂಚೆ ಮಣ್ಣು ಯಾಕೆ ಜರಡಿ ಹಿಡೀಬೇಕು?

ಗುಡ್ಡದಾಚೆಯವ (ಚರ್ಚೆ ಶುರು ಮಾಡಿದವರು)

ಮೊನ್ನೆ ಸಾಗರದ ಕಡೆಯಿಂದ ಮಾವ ಫೋನ್ ಮಾಡಿದ್ದರು. ಅಂಗಳದಲ್ಲೇ ನಿಂತು ಮಾತಾಡ್ತಿದ್ದೇನೆ ನೋಡು ಅಂತ ಖುಷಿಯಿಂದ ಹೇಳಿದರು. ಮೊದಲೆಲ್ಲ ಮನೆ ಹಿಂದಿನ ದರೆ ಹತ್ತಿ, ಗೇರುಮರದ ಬುಡಕ್ಕೆ ಹೋದರೆ ಎರಡು ಕಡ್ಡಿ ಸಿಗುತ್ತಿತ್ತು, ಅಷ್ಟೇ. ಈಗ ಊರಿಗೆ ಟವರ್ ಬಂದಿದೆ. ಆಮೇಲೆ ಕೇಳಿದರು, "ನೀನು ಅಲ್ಲಿ ಟವರ್ ಕೆಲಸವೇ ಅಲ್ವಾ ಮಾಡೋದು? ಕಟ್ಟೋದಾ, ರಿಪೇರಿಯಾ?" ಎರಡೂ ಅಲ್ಲ ಮಾವ, ಕಟ್ಟೋ ಮೊದಲು ಜಾಗ ನೋಡೋದು ಅಂದೆ. "ಜಾಗ ನೋಡೋಕೆ ಎಷ್ಟು ದಿನ ಬೇಕು?" ಎರಡು ಮೂರು ತಿಂಗಳು ಅಂದೆ. ಆ ಕಡೆಯಿಂದ ಮಾತೇ ಇಲ್ಲ. ನೆಟ್‌ವರ್ಕ್ ಹೋಯಿತು ಅಂದುಕೊಂಡೆ.

ಹೋಗಿರಲಿಲ್ಲ. ಮಾವ ಯೋಚನೆ ಮಾಡುತ್ತಿದ್ದರು.

ಅವರಿಗೆ ಫೋನಿನಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತೇನೆ. ನಾನಿರೋದು ವರ್ಜೀನಿಯಾದ ಗುಡ್ಡಗಾಡಿನಲ್ಲಿ. ಅಮೆರಿಕದಲ್ಲಿ ತರಂಗಕ್ಕೆ ಲೈಸೆನ್ಸ್ ಕೊಡೋದು ಎಫ್‌ಸಿಸಿ, ಅಂದರೆ ಕೇಂದ್ರದ ಸಂಪರ್ಕ ಆಯೋಗ. ಟವರ್ ಕಟ್ಟೋದು ಖಾಸಗಿ ಕಂಪನಿಯೇ ಆದರೂ ಕೇಂದ್ರದ ಲೈಸೆನ್ಸ್ ಇರೋದರಿಂದ ಎರಡು ಕಾನೂನು ಬೆನ್ನಿಗೆ ಬೀಳುತ್ತವೆ. ಒಂದು 1966ರ ಐತಿಹಾಸಿಕ ಸಂರಕ್ಷಣಾ ಕಾಯ್ದೆಯ 106ನೇ ಸೆಕ್ಷನ್. ಇನ್ನೊಂದು ನೀಪಾ, 1970ರ ಜನವರಿ 1ರಂದು ಸಹಿ ಬಿದ್ದ ಪರಿಸರ ನೀತಿ ಕಾಯ್ದೆ. ಎರಡೂ "ಕಟ್ಟಬೇಡ" ಅನ್ನೋದಿಲ್ಲ. ನೋಡಿ, ಕೇಳಿ, ಬರೆದಿಟ್ಟು ಆಮೇಲೆ ಕಟ್ಟು ಅನ್ನುತ್ತವೆ.

ನೀಪಾ ಕಡೆಯಿಂದ ಒಂದಷ್ಟು ಪ್ರಶ್ನೆಗಳಿವೆ. ಜಾಗ ವನ್ಯಧಾಮದಲ್ಲಿದೆಯಾ? ಅಳಿವಿನಂಚಿನ ಪ್ರಾಣಿ ಇದೆಯಾ? ನೆರೆ ನೀರು ಬರುತ್ತಾ? ಜೌಗು ಮುಚ್ಚಬೇಕಾ, ಕಾಡು ಕಡಿಯಬೇಕಾ? ಎಲ್ಲಕ್ಕೂ ಇಲ್ಲ ಅಂತ ಬಂದರೆ ಹೆಚ್ಚು ಕಾಗದವಿಲ್ಲದೆ ಮುಗಿಯಿತು. ಒಂದಕ್ಕೆ ಹೌದು ಅಂದರೂ ಪೂರ್ತಿ ಪರಿಸರ ವರದಿ ಬರೆಯಬೇಕು. ನಮ್ಮ ಕಡೆ ತಲೆನೋವು ಅಂದರೆ ಉದ್ದ ಕಿವಿಯ ಒಂದು ಬಾವಲಿ. ಬಿಳಿ ಮೂಗಿನ ಶಿಲೀಂಧ್ರ ರೋಗಕ್ಕೆ ಸಿಕ್ಕಿ ಗುಹೆ ಗುಹೆಯೇ ಖಾಲಿಯಾಗಿ, 2022ರಲ್ಲಿ ಅದನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿದರು. ಬೇಸಿಗೆಯಲ್ಲಿ ಮರದ ತೊಗಟೆ ಸಂದಿಯಲ್ಲಿ ಮರಿ ಸಾಕುತ್ತದೆ. ಹಾಗಾಗಿ ಮರ ಕಡಿಯೋದಿದ್ದರೆ ಚಳಿಗಾಲದಲ್ಲಿ ಕಡಿಯಿರಿ ಅಂತ ನಾವು ಬರೆಯುತ್ತೇವೆ. ಕಾಂಟ್ರಾಕ್ಟರ್‌ಗಳು ನಮ್ಮನ್ನು ಬೈಯೋದು ಮುಖ್ಯವಾಗಿ ಇದಕ್ಕೆ.

106ರ ಕೆಲಸ ನೋಡೋಕೆ ಚೆಂದ. ನೆಲದಡಿ ಹಳೆ ಕಾಲದ್ದು ಏನಾದರೂ ಇದೆಯಾ ಅಂತ ನೋಡೋಕೆ ಟವರ್ ಜಾಗದಲ್ಲಿ, ಅದಕ್ಕೆ ಹೋಗೋ ದಾರಿಯಲ್ಲಿ ಸಾಲಾಗಿ ಸಣ್ಣ ಗುಂಡಿ ತೋಡುತ್ತಾರೆ. ಮೊಣಕೈ ಮುಳುಗುವಷ್ಟು ಆಳ. ಬಂದ ಮಣ್ಣನ್ನು ಕಾಲಿಂಚು ಕಣ್ಣಿನ ಜರಡಿಗೆ ಸುರಿದು ಅಲ್ಲಾಡಿಸುತ್ತಾರೆ. ನಮ್ಮಲ್ಲಿ ಮನೆ ಕಟ್ಟುವಾಗ ಮರಳು ಹಿಡಿಯುವುದಿಲ್ಲವಾ, ಹಾಗೆ. ಮೊಳೆ, ಪಿಂಗಾಣಿ ಚೂರು, ಕಲ್ಲಿನ ಬಾಣದ ತುದಿ ಹೀಗೆ ಏನೋ ಸಿಗುತ್ತದೆ. ಬಹಳ ಸಲ ಏನೂ ಸಿಗಲ್ಲ.

ಇನ್ನೊಂದು ನೋಟದ ಲೆಕ್ಕ. 200 ಅಡಿವರೆಗಿನ ಟವರ್ ಆದರೆ ಸುತ್ತ ಅರ್ಧ ಮೈಲಿ, ಅಂದರೆ ಸುಮಾರು 800 ಮೀಟರ್ ಒಳಗಿನ ಹಳೆ ಮನೆ, ಚರ್ಚು, ಸೇತುವೆಗಳಿಂದ ಟವರ್ ಹೇಗೆ ಕಾಣುತ್ತದೆ ಅಂತ ನೋಡಬೇಕು. 400 ಅಡಿವರೆಗೆ ಮುಕ್ಕಾಲು ಮೈಲಿ, ಅದಕ್ಕೂ ಮೇಲಾದರೆ ಒಂದೂವರೆ ಮೈಲಿ. ಟವರ್ ಇನ್ನೂ ಇಲ್ಲವಲ್ಲ, ಹೇಗೆ ನೋಡೋದು? ಬಣ್ಣದ ದೊಡ್ಡ ಬಲೂನನ್ನು ಹಗ್ಗ ಕಟ್ಟಿ ಅಷ್ಟೇ ಎತ್ತರಕ್ಕೆ ಬಿಡುತ್ತೇವೆ. ಆಮೇಲೆ ಕ್ಯಾಮೆರಾ ಹಿಡಿದು ಒಂದೊಂದು ಹಳೆ ಮನೆಯ ಜಗಲಿಯಲ್ಲಿ ನಿಂತು ಬಲೂನ್ ಕಾಣುತ್ತಾ ಅಂತ ಫೋಟೋ ತೆಗೆಯೋದು. ಗಾಳಿ ಬಂತೋ ಬಲೂನ್ ಮಲಗಿಬಿಡುತ್ತೆ, ಮಾರನೇ ದಿನ ಮತ್ತೆ ಮೊದಲಿಂದ. ಓದಿದ್ದು ಇಷ್ಟಕ್ಕಾ ಅಂತ ಅನ್ನಿಸಿದ್ದೂ ಉಂಟು.

---

ಕಡ್ಡಿ ಸಿಗದವ

ಸ್ವಾಮಿ, ನಮ್ಮೂರು ಹೊಸನಗರ ತಾಲ್ಲೂಕು. ಕೊರೋನಾ ಟೈಮಲ್ಲಿ ನನ್ನ ತಂಗಿ ಕೊಡೆ ಹಿಡಿದು ಗುಡ್ಡದ ತಲೆಯಲ್ಲಿ ಕೂತು ಆನ್‌ಲೈನ್ ಪಾಠ ಕೇಳಿದ್ದಾಳೆ. ಮಳೆಗಾಲದಲ್ಲಿ, ಇಂಬಳದ ಮಧ್ಯೆ. ನೀವು ಬಲೂನ್ ಹಾರಿಸೋ ಕಥೆ ಹೇಳ್ತಿದ್ದೀರಿ. ನಮಗೆ ಟವರ್ ಕಂಡರೆ ಸಾಕು ಮಾರಾಯ್ರೆ, ಯಾರ ಜಗಲಿಯಿಂದ ಕಂಡರೂ ಸರಿ.

---

ಕಂಬದ ಕಾಂಟ್ರಾಕ್ಟರ್

ನಾನು ಡಲ್ಲಾಸ್‌ನಲ್ಲಿ ಟವರ್ ಎಬ್ಬಿಸೋ ಕಡೆಯವನು. ಗುಡ್ಡದಾಚೆಯವರು ಚೆಂದದ ಅರ್ಧ ಹೇಳಿದರು. ಉಳಿದರ್ಧ ನಾನು ಹೇಳ್ತೀನಿ.

ನಾವು ಕಳಿಸಿದ ಫಾರಂಗೆ ರಾಜ್ಯದ ಐತಿಹಾಸಿಕ ಸಂರಕ್ಷಣಾ ಅಧಿಕಾರಿ ಉತ್ತರ ಕೊಡೋಕೆ 30 ದಿನ. ಅದು ನ್ಯಾಯ. ಆದರೆ ಮೂರು ಕಡೆ ಟಾರ್ ಹಾಕಿದ ಅಂಗಡಿ ಸಾಲಿನ ಹಿಂದೆ, ಕಸದ ಡಬ್ಬಿ ಇಡೋ ಜಾಗದಲ್ಲಿ ಕಂಬ ನಿಲ್ಲಿಸೋಕೂ ಅದೇ ಫಾರಂ. ಅಲ್ಲಿ ಮೂವತ್ತು ವರ್ಷದ ಹಿಂದೆ ಬುಲ್ಡೋಜರ್ ಆಡಿಸಿದ್ದಾರೆ, ಯಾವ ಬಾಣದ ತುದಿ ಉಳಿದಿರುತ್ತೆ? ಒಂದು ಜಾಗದಲ್ಲಿ ನಮಗೆ ಐದು ತಿಂಗಳು ಹೋಯಿತು. ಅಗೆದು ಸಿಕ್ಕಿದ್ದು ಸೋಡಾ ಬಾಟಲಿಯ ಮುಚ್ಚಳ. ಆ ಐದು ತಿಂಗಳು ಆ ರಸ್ತೆಯಲ್ಲಿ ಆಕ್ಸಿಡೆಂಟ್ ಆದರೆ 911ಕ್ಕೆ, ಅಂದರೆ ಇಲ್ಲಿನ ತುರ್ತು ನಂಬರಿಗೆ, ಫೋನ್ ಹೋಗುತ್ತಿರಲಿಲ್ಲ. ಪರಿಶೀಲನೆಯ ಖರ್ಚು ಕಾಗದದ ಮೇಲೆ ಕಾಣುತ್ತೆ. ತಡವಾದದ್ದರ ಖರ್ಚು ಯಾರೂ ಬರೆಯಲ್ಲ.

ಇನ್ನೊಂದು ಮಜಾ ಕೇಳಿ. ನಮ್ಮ ಟವರ್‌ಗಳೆಲ್ಲ 195 ಅಡಿ, 199 ಅಡಿ ಇರುತ್ತವೆ. ಯಾಕೆ? 200 ದಾಟಿದರೆ ವಿಮಾನ ಇಲಾಖೆಗೆ ತಿಳಿಸಬೇಕು, ನೋಂದಣಿ ಮಾಡಬೇಕು, ದೀಪ ಹಾಕಬೇಕು, ದೀಪ ಕೆಟ್ಟರೆ ಓಡಬೇಕು. ಎತ್ತರ ತೀರ್ಮಾನ ಮಾಡೋದು ಇಂಜಿನಿಯರ್ ಅಲ್ಲ, ಫಾರಂ!

---

ಗುಡ್ಡದಾಚೆಯವ

ಟಾರ್ ಜಾಗದ ಮಾತು ಒಪ್ಪಿದೆ. ನಾನೂ ಅಂಥ ಫಾರಂ ತುಂಬಿ ಆಕಳಿಸಿದ್ದೇನೆ. ಎಲ್ಲ ಜಾಗಕ್ಕೂ ಒಂದೇ ಅಳತೆ ಹಿಡಿಯೋದು ದಡ್ಡತನ. ಹೊಸ ಟವರ್ ಕಟ್ಟದೆ ಇರೋ ಕಂಬಕ್ಕೇ ಆಂಟೆನಾ ಸೇರಿಸಿದರೆ ಬಹುತೇಕ ವಿನಾಯಿತಿ ಸಿಗಲಿ ಅಂತ 2001ರಲ್ಲೇ ಒಂದು ಒಪ್ಪಂದ ಆಗಿದೆ. ಟಾರ್ ಜಾಗಗಳಿಗೂ ಅಂಥದ್ದೇ ಏನಾದರೂ ಬೇಕು.

ಆದರೆ ನನ್ನ ಕೈಯಲ್ಲೇ ಆದ ಒಂದು ತಪ್ಪು ಹೇಳುತ್ತೇನೆ.

ಒಂದು ತೋಟದ ಹಿಂದೆ ಗುಡ್ಡದ ಓರೆ. ಟವರ್ ಜಾಗ ಜರಡಿ ಹಿಡಿದಾಗಿತ್ತು, ಏನಿಲ್ಲ. ದಾರಿ ಒಂದು ಓಕ್ ಮರಗಳ ತೋಪಿನ ಮಗ್ಗುಲಲ್ಲಿ ಹೋಗುತ್ತಿತ್ತು. ರಾಜ್ಯದ ದಾಖಲೆ ನೋಡಿದೆ, ಹಳೆ ನಕ್ಷೆ ನೋಡಿದೆ, ಎಲ್ಲ ಖಾಲಿ. ತೋಪಿನ ಕೆಳಗೆ ನೆಲವೆಲ್ಲ ಹಸಿರು ಬಳ್ಳಿ, ಸಣ್ಣ ನೀಲಿ ಹೂವು. ನಮ್ಮಲ್ಲಿ ದೇವರ ಪೂಜೆಗೆ ಕೀಳೋ ನಿತ್ಯಪುಷ್ಪದ ನೆಂಟ ಅದು, ಇಲ್ಲಿ ಪೆರಿವಿಂಕಲ್ ಅಂತಾರೆ. ಚೆನ್ನಾಗಿದೆ ಅಂತ ಫೋಟೋ ಬೇರೆ ತೆಗೆದಿದ್ದೆ. ಬಳ್ಳಿಯ ನಡುವೆ ಅಲ್ಲೊಂದು ಇಲ್ಲೊಂದು ಕಾಡುಗಲ್ಲು. ಗುಡ್ಡ ಅಂದ ಮೇಲೆ ಕಲ್ಲು ಇರಲ್ವಾ?

ನಿಯಮದ ಪ್ರಕಾರ ಊರ ಪತ್ರಿಕೆಯಲ್ಲಿ ಒಂದು ಸಣ್ಣ ಪ್ರಕಟಣೆ ಹಾಕಬೇಕು. ಇಂಥಲ್ಲಿ ಟವರ್ ಬರುತ್ತಿದೆ, ಹಳೆಯ ಜಾಗದ ಬಗ್ಗೆ ಗೊತ್ತಿದ್ದವರು ತಿಳಿಸಿ ಅಂತ. ಯಾರೂ ಓದಲ್ಲ ಅಂತ ನಾವೇ ನಗೋ ಪ್ರಕಟಣೆ ಅದು. ಆ ವಾರ ಒಬ್ಬರು ಓದಿದರು. ಎಂಬತ್ತು ದಾಟಿದ ಕಪ್ಪು ಹೆಂಗಸು. ಫೋನ್ ಮಾಡಿ, ಆ ತೋಪಿನಲ್ಲಿ ನಮ್ಮವರು ಮಲಗಿದ್ದಾರೆ ಅಂದರು. ತೋಟದಲ್ಲಿ ಜೀತಕ್ಕಿದ್ದ ಗುಲಾಮರ ಸ್ಮಶಾನ. ಹೆಸರು ಕೆತ್ತಿದ ಕಲ್ಲು ನಿಲ್ಲಿಸೋಕೆ ಅವರಿಗೆ ಎಲ್ಲಿತ್ತು? ತಲೆಗೊಂದು ಕಾಲಿಗೊಂದು ಕಾಡುಗಲ್ಲು. ಮೇಲೆ ಸದಾ ಹಸಿರಾಗಿರೋ ಬಳ್ಳಿ. ಈ ಭಾಗದ ಹಳೆ ಸ್ಮಶಾನಗಳ ಗುರುತೇ ಆ ಬಳ್ಳಿ ಅಂತ ಜೊತೆಗಿದ್ದ ಪುರಾತತ್ತ್ವದವರು ಆಮೇಲೆ ಹೇಳಿದರು. ನಾನು ಅದರ ಮೇಲೆ ಕೂತು ಬುತ್ತಿ ತಿಂದಿದ್ದೆ.

ಟವರ್ ನಿಲ್ಲಲಿಲ್ಲ ಅಂತ ಅಲ್ಲ. ಇದ್ದ ಜಾಗದಲ್ಲೇ ಬಂತು. ದಾರಿ ತೋಪು ಬಳಸಿ ಹೋಯಿತು, ಅಷ್ಟೇ ವ್ಯತ್ಯಾಸ. ಕಂಪನಿಗೆ ಸ್ವಲ್ಪ ಜಲ್ಲಿ ಜಾಸ್ತಿ ಹಿಡಿಯಿತು.

ಅಮೆರಿಕದ ಮೂಲನಿವಾಸಿ ಬುಡಕಟ್ಟುಗಳ ವಿಷಯವೂ ಇದೇ ಥರ. ಹೊಸ ಟವರ್ ವಿವರವನ್ನು ಎಫ್‌ಸಿಸಿಯ ಒಂದು ವ್ಯವಸ್ಥೆಗೆ ಹಾಕಿದರೆ ಆ ಜಾಗದ ಜೊತೆ ಸಂಬಂಧ ಇದೆ ಅಂತ ಹೇಳಿಕೊಂಡ ಬುಡಕಟ್ಟುಗಳಿಗೆಲ್ಲ ಸುದ್ದಿ ಹೋಗುತ್ತೆ. ವರ್ಜೀನಿಯಾದ ಗುಡ್ಡಕ್ಕೆ ಒಕ್ಲಹೋಮಾದಿಂದ ಉತ್ತರ ಬರುತ್ತೆ, ಸಾವಿರ ಕಿಲೋಮೀಟರ್‌ಗೂ ಆಚೆಯಿಂದ. ಮೊದಲು ನನಗೆ ವಿಚಿತ್ರ ಅನ್ನಿಸಿತ್ತು. 1838ರಲ್ಲಿ ಚೆರೊಕೀ ಬುಡಕಟ್ಟಿನ ಜನರನ್ನು ಸೈನ್ಯ ಇಟ್ಟು ಅಲ್ಲಿಗೆ ಅಟ್ಟಿದ್ದರು ಅಂತ ನೆನಪಾದಾಗ ಸುಮ್ಮನಾದೆ. ವರ್ಜೀನಿಯಾದಲ್ಲೇ ಉಳಿದ ಆರು ಬುಡಕಟ್ಟುಗಳಿಗೆ ಕೇಂದ್ರದ ಮಾನ್ಯತೆ ಸಿಕ್ಕಿದ್ದು 2018ರಲ್ಲಿ.

---

ಹಕ್ಕಿ ಹುಚ್ಚಿ

ಗುಡ್ಡದಾಚೆಯವರೇ, ಬಾವಲಿ ಹೇಳಿದಿರಿ, ಹಕ್ಕಿ ಬಿಟ್ಟಿರಿ!

ವಲಸೆ ಹೋಗೋ ಸಣ್ಣ ಹಕ್ಕಿಗಳು ಹೆಚ್ಚಾಗಿ ರಾತ್ರಿ ಹಾರುತ್ತವೆ. ಮೋಡ ಕವಿದ ರಾತ್ರಿ ಎತ್ತರದ ಟವರ್‌ನ ಉರಿಯೋ ಕೆಂಪು ದೀಪ ಕಂಡರೆ ಅದರ ಸುತ್ತಲೇ ಗಿರಕಿ ಹೊಡೆಯುತ್ತವೆ. ಟವರನ್ನು ಎಳೆದು ಕಟ್ಟಿದ ತಂತಿಗೆ ಬಡಿದು ಬೀಳುತ್ತವೆ. ಅಮೆರಿಕ, ಕೆನಡಾ ಸೇರಿ ವರ್ಷಕ್ಕೆ ಸುಮಾರು 68 ಲಕ್ಷ ಹಕ್ಕಿ ಹೀಗೆ ಸಾಯುತ್ತವೆ ಅಂತ 2012ರ ಒಂದು ಅಧ್ಯಯನದ ಅಂದಾಜು. ನೀಪಾ ಪ್ರಕಾರ ಇದನ್ನು ನೋಡಲೇ ಇಲ್ಲ ಅಂತ ಪಕ್ಷಿ ಸಂರಕ್ಷಣೆಯವರು ಎಫ್‌ಸಿಸಿ ಮೇಲೆ ಕೇಸ್ ಹಾಕಿ 2008ರಲ್ಲಿ ಗೆದ್ದರು. ಆಮೇಲೆ 450 ಅಡಿಗಿಂತ ಎತ್ತರದ ಟವರ್‌ಗೆ ಪರಿಸರ ವರದಿ ಬೇಕು ಅಂತ ಆಯಿತು.

ಈ ಕಥೆಯಲ್ಲಿ ನನಗೆ ಇಷ್ಟವಾಗೋದು ಪರಿಹಾರ. ಮಿಶಿಗನ್‌ನಲ್ಲಿ ಬೆಳಗಿನ ಜಾವ ಟವರ್ ಬುಡದಲ್ಲಿ ಸತ್ತ ಹಕ್ಕಿ ಎಣಿಸಿ ನೋಡಿದರು. ಒಂದೇ ಸಮ ಉರಿಯೋ ದೀಪ ತೆಗೆದು ಮಿಣುಕೋ ದೀಪ ಮಾತ್ರ ಉಳಿಸಿದರೆ ಸಾವು ಅರ್ಧಕ್ಕೂ ಜಾಸ್ತಿ ಇಳಿಯಿತು. ಕರೆಂಟೂ ಉಳಿತಾಯ. 2015ರಲ್ಲಿ ವಿಮಾನ ಇಲಾಖೆಯೂ ದೀಪದ ನಿಯಮ ಬದಲಿಸಿತು. ಯಾರಾದರೂ ಎಣಿಸಲಿಲ್ಲ ಅಂದಿದ್ದರೆ ಇದು ಗೊತ್ತಾಗುತ್ತಿತ್ತಾ?

ಆ ಲೆಕ್ಕದಲ್ಲಿ ಕಾಂಟ್ರಾಕ್ಟರ್ ಅಣ್ಣನ 199 ಅಡಿಗೆ ನನ್ನದೊಂದು ಜೈ. ದೀಪವೇ ಇಲ್ಲ!

---

ಶಿರಸಿ ಪೇಟೆ

ಎಲ್ಲ ಸರಿ, ರೇಡಿಯೇಷನ್ ಬಗ್ಗೆ ಯಾರೂ ಮಾತಾಡ್ತಿಲ್ಲ. ಜೇನು, ಗುಬ್ಬಿ ಎಲ್ಲ ಅದರಿಂದಲೇ ಹೋಗಿದ್ದು ಅಂತಾರಲ್ಲ?

---

ಗುಡ್ಡದಾಚೆಯವ

ಇದೇ ಪ್ರಶ್ನೆ ಬಂದರೆ ಚರ್ಚೆ ದಾರಿ ತಪ್ಪುತ್ತೆ ಅಂತ ಹೆದರಿದ್ದೆ, ಆದರೂ ಚಿಕ್ಕದಾಗಿ ಹೇಳ್ತೀನಿ. ಇಲ್ಲಿ 1996ರ ದೂರಸಂಪರ್ಕ ಕಾಯ್ದೆ ಪ್ರಕಾರ, ಎಫ್‌ಸಿಸಿ ಮಿತಿಯೊಳಗಿದ್ದರೆ ವಿಕಿರಣದ ಕಾರಣ ಕೊಟ್ಟು ಊರಿನ ಆಡಳಿತ ಟವರ್ ಬೇಡ ಅನ್ನೋ ಹಾಗಿಲ್ಲ. ಭಾರತದಲ್ಲಿ 2012ರ ಸೆಪ್ಟೆಂಬರ್‌ನಿಂದ ಮಿತಿಯನ್ನು ಅಂತರರಾಷ್ಟ್ರೀಯ ಮಟ್ಟದ ಹತ್ತನೇ ಒಂದಕ್ಕೆ ಇಳಿಸಿದ್ದಾರೆ. ಗುಬ್ಬಿ ಕಡಿಮೆಯಾಗಿದ್ದಕ್ಕೆ ಹಂಚಿನ ಮಾಡು ಹೋಗಿ ತಾರಸಿ ಬಂದದ್ದನ್ನೂ ಸ್ವಲ್ಪ ನೋಡಬೇಕು. ಜನ ವಿಕಿರಣದ ಮೇಲೆ ಜಗಳ ಮಾಡಿ ಸುಸ್ತಾಗುತ್ತಾರೆ. ದಾರಿ ಎಲ್ಲಿ ಕಡಿಯುತ್ತಾರೆ ಅಂತ ಕೇಳೋರು ಇರಲ್ಲ.

---

ಹರಿಗೋಲು

ನಮ್ಮದು ಆನೆಗೊಂದಿ ಕಡೆ. ನೋಟ ಕೆಡುತ್ತೆ ಅನ್ನೋ ಮಾತು ಕೇಳಿದರೆ ನಮಗೆ ಈಗಲೂ ಮೈ ಉರಿಯುತ್ತೆ ನೋಡ್ರಿ, ಯಾಕಂತ ಹೇಳ್ತೀನಿ.

ಹಂಪಿ 1986ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ತಳವಾರಘಟ್ಟದಿಂದ ಆನೆಗೊಂದಿಗೆ ನಮಗೊಂದು ಸೇತುವೆ ಬೇಕಿತ್ತು. ಬಾಣಂತಿ ಆಗಲಿ, ಬೈಕ್ ಆಗಲಿ ಹರಿಗೋಲಿನ ಮೇಲೇ ಹೊಳೆ ದಾಟಬೇಕಿತ್ತು. ಸೇತುವೆ ಕೆಲಸ ಶುರು ಆಯ್ತು. ಸ್ಮಾರಕಗಳ ನೋಟಕ್ಕೆ ಧಕ್ಕೆ ಅಂತ 1999ರಲ್ಲಿ ಯುನೆಸ್ಕೋದವರು ಹಂಪಿಯನ್ನ ಅಪಾಯದ ಪಟ್ಟಿಗೆ ಹಾಕಿದರು. ಕೆಲಸ ನಿಂತಿತು. ವರ್ಷಗಟ್ಟಲೆ ಅರ್ಧ ಸೇತುವೆ ಹೊಳೆಯೊಳಗೆ ನಿಂತೇ ಇತ್ತು, ಹರಿಗೋಲು ಅದರ ಬುಡದಾಗೇ ಹೋಗುತ್ತಿತ್ತು. 2006ರಲ್ಲಿ ಪಟ್ಟಿಯಿಂದ ತೆಗೆದರು. ಮತ್ತೆ ಕೆಲಸ. 2009ರ ಜನವರಿಯಲ್ಲಿ ಕಟ್ಟುತ್ತಿರುವಾಗಲೇ ಕುಸಿದು ಬಿತ್ತು. ಕೂಲಿಗೆ ಬಂದವರು ಸತ್ತರು. ಕೊನೆಗೆ ಬುಕ್ಕಸಾಗರ–ಕಡೇಬಾಗಿಲು ನಡುವೆ ಬೇರೆ ಸೇತುವೆ ಬಂತು.

ಆ ಬೇರೆ ಜಾಗವನ್ನ ಮೊದಲೇ ನೋಡಿದ್ದರೆ? ನನಗೆ ಸಿಟ್ಟು ಪರಿಶೀಲನೆ ಮೇಲಲ್ಲ. ಕಂಬ ಎದ್ದ ಮೇಲೆ ಪರಿಶೀಲನೆ ಮಾಡಿದರಲ್ಲ, ಅದರ ಮೇಲೆ. ಬಲೂನ್ ಹಾರಿಸೋಕೆ ಒಂದು ದಿನ ಸಾಕಿತ್ತು.

---

ಧಾರವಾಡ ಫೇಡಾ

ಕಾನೂನು ಓದಿದವಳು, ಅಭ್ಯಾಸಬಲ, ಕ್ಷಮಿಸಿ.

ನಮ್ಮ ಭಾರತದ 2006ರ ಇಐಎ, ಅಂದರೆ ಪರಿಸರ ಪರಿಣಾಮ ಅಂದಾಜಿನ ಅಧಿಸೂಚನೆಯ ಪಟ್ಟಿಯಲ್ಲಿ ಮೊಬೈಲ್ ಟವರ್ ಇಲ್ಲವೇ ಇಲ್ಲ. ಅರಣ್ಯ ಭೂಮಿ ಆದರೆ 1980ರ ಅರಣ್ಯ ಕಾಯ್ದೆ ಅಡಿ ಅನುಮತಿ ಬೇಕು. ಕೇಂದ್ರ ಸಂರಕ್ಷಿತ ಸ್ಮಾರಕದ ಪಕ್ಕ ಆದರೆ 1958ರ ಕಾಯ್ದೆ, ಅದಕ್ಕೆ 2010ರ ತಿದ್ದುಪಡಿ. ಮೊದಲ 100 ಮೀಟರ್ ನಿಷೇಧಿತ, ನಂತರದ 200 ಮೀಟರ್ ನಿಯಂತ್ರಿತ. ಅಳತೆ ಪಟ್ಟಿಯ ಲೆಕ್ಕ. 301ನೇ ಮೀಟರ್‌ನಲ್ಲಿ ಗುಡ್ಡದ ಮೇಲೆ ಟವರ್ ಎದ್ದು ಗೋಪುರದ ಹಿಂದೆಯೇ ಕಂಡರೂ ಈ ಕಾಯ್ದೆ ಕೇಳಲ್ಲ. ಅಮೆರಿಕದ್ದು ಕಣ್ಣಿನ ಲೆಕ್ಕ, ನಮ್ಮದು ಟೇಪಿನ ಲೆಕ್ಕ ಅನ್ನಬಹುದು.

ಇನ್ನೊಂದು ಕುತೂಹಲ. ಆ ತಿದ್ದುಪಡಿಯಲ್ಲಿ "ನಿರ್ಮಾಣ" ಅಂದರೆ ಏನು ಅಂತ ಬರೆದು, ಜನರಿಗೆ ನೀರು ಪೂರೈಸೋ ಕೆಲಸ, ಕರೆಂಟ್ ಪೂರೈಸೋ ಕೆಲಸ ಮತ್ತು ಅಂಥದ್ದೇ ಸಾರ್ವಜನಿಕ ಸೌಲಭ್ಯಗಳನ್ನು ಹೊರಗಿಟ್ಟಿದ್ದಾರೆ. ಟವರ್ "ಅಂಥದ್ದೇ ಸೌಲಭ್ಯ" ಹೌದೋ ಅಲ್ಲವೋ? ವಕೀಲರಿಗೆ ಹಬ್ಬ.

ಆದರೆ ನನ್ನ ಚಿಂತೆ ಪಟ್ಟಿಯಲ್ಲಿ ಇಲ್ಲದ್ದರ ಬಗ್ಗೆ. ನಮ್ಮ ತವರಿನ ಕೆರೆ ಏರಿ ಮೇಲೆ ಒಂದು ವೀರಗಲ್ಲು ಇತ್ತು. ಮೂರು ಹಂತ. ಕೆಳಗೆ ತುರುಗೋಳಿನ ಜಗಳ, ನಡುವೆ ಅಪ್ಸರೆಯರು, ಮೇಲೆ ಲಿಂಗ. ಒಂದು ಟವರ್‌ಗೆ ಜೆಸಿಬಿ ತಂದು ದಾರಿ ಮಾಡಿದರು. ಮುಂದಿನ ಸಲ ಊರಿಗೆ ಹೋದಾಗ ಜನರೇಟರ್ ಕೋಣೆಯ ಮೆಟ್ಟಿಲಾಗಿ ಬಿದ್ದಿತ್ತು. ಅಪ್ಸರೆಯರ ಕಡೆ ಮೇಲೆ. ಕೆಲಸಗಾರರದೇನೂ ತಪ್ಪಿಲ್ಲ, ಚಪ್ಪಟೆ ಕಲ್ಲು ಕಂಡಿತು, ಹಾಕಿದರು. ಊರವರು ಎತ್ತಿಸಿ ಹನುಮಪ್ಪನ ಗುಡಿ ಮಗ್ಗುಲಿಗೆ ನಿಲ್ಲಿಸಿದರು ಅನ್ನಿ. ಮೂಲೆ ಮುರಿದಿದೆ.

---

ಕಂಬದ ಕಾಂಟ್ರಾಕ್ಟರ್

ವೀರಗಲ್ಲಿನ ಕಥೆ ಓದಿ ಸ್ವಲ್ಪ ಮೆತ್ತಗಾದೆ. ಆದರೂ ಹೇಳ್ತೀನಿ, ಗಾಳಿ ಬೇರೆ ಕಡೆ ಬೀಸ್ತಿದೆ. 2018ರಲ್ಲಿ ಎಫ್‌ಸಿಸಿ ಬೀದಿ ಕಂಬದ ಸಣ್ಣ ಆಂಟೆನಾಗಳಿಗೆ ಈ ಎರಡೂ ಪರಿಶೀಲನೆ ಬೇಡ ಅಂತ ಆದೇಶ ಮಾಡಿತ್ತು. ಬುಡಕಟ್ಟುಗಳು, ಪರಿಸರದವರು ಕೋರ್ಟಿಗೆ ಹೋದರು. 2019ರ ಆಗಸ್ಟ್‌ನಲ್ಲಿ ಕೋರ್ಟ್ ಆ ಭಾಗ ಹೊಡೆದುಹಾಕಿತು. ಲಕ್ಷಗಟ್ಟಲೆ ಕಡೆ ಬರೋ ವಸ್ತುವಿಗೆ ಸರಿಯಾದ ಕಾರಣವನ್ನೇ ಕೊಟ್ಟಿಲ್ಲ ಅಂತ. ಈಗ 2025ರ ಆಗಸ್ಟ್‌ನಲ್ಲಿ ಎಫ್‌ಸಿಸಿ ತನ್ನ ಪರಿಸರ ನಿಯಮಗಳನ್ನೇ ಮತ್ತೆ ಬರೆಯೋ ಪ್ರಸ್ತಾವ ತಂದಿದೆ. ಗುಡ್ಡದಾಚೆಯವರೇ, ನಿಮ್ಮ ಬಲೂನ್ ಜೋಪಾನ.

---

ಗುಡ್ಡದಾಚೆಯವ

ಹೌದು, ನೋಡಿದೆ. ಬಾವಲಿ, ಬಲೂನು ಎರಡೂ ಕಡಿಮೆಯಾದರೂ ಆಗಬಹುದು. ಒಂದು ಮಾತ್ರ ಉಳಿಸಿ ಅಂದರೆ ನಾನು ಆ ಪತ್ರಿಕೆಯ ಪ್ರಕಟಣೆ ಉಳಿಸಿ ಅಂತೀನಿ. ನಮ್ಮ ಇಡೀ ಫೈಲಿನಲ್ಲಿ ಅತೀ ಅಗ್ಗದ್ದು ಅದೇ.

---

ಕಡ್ಡಿ ಸಿಗದವ

ಎಲ್ಲಾ ಓದಿದೆ. ಮೊದಲ ದಿನ ರೇಗಿದ್ದಕ್ಕೆ ಬೇಜಾರಿಲ್ಲ ತಾನೇ?

ಒಂದು ಕೇಳೋದಿತ್ತು. ನಮ್ಮೂರಿಗೂ ಟವರ್ ಮಂಜೂರಾಗಿದೆ ಅಂತ ಪಂಚಾಯ್ತಿಯಲ್ಲಿ ಹೇಳಿದರು. ಸೋಮವಾರ ಜಾಗ ಗುರುತು ಹಾಕೋಕೆ ಬರ್ತಾರಂತೆ. ಗುಡ್ಡದ ತಲೆಯಲ್ಲಿ, ತಂಗಿ ಪಾಠ ಕೇಳುತ್ತಿದ್ದಲ್ಲೇ. ದಾರಿ ನಾಗಬನದ ಕಡೆಯಿಂದ ಹೋಗಬೇಕು. ಅಲ್ಲಿ ಹಳೇ ಕಲ್ಲುಗಳಿವೆ, ಯಾವ ಪಟ್ಟಿಯಲ್ಲೂ ಇರಲಿಕ್ಕಿಲ್ಲ. ಟವರ್ ವಾಪಸ್ ಹೋಗೋ ಹಾಗೆ ಏನೂ ಮಾಡಬಾರದು. ಏನು ಕೇಳಲಿ?

---

ಗುಡ್ಡದಾಚೆಯವ

ಬೇಜಾರೇನಿಲ್ಲ ಮಾರಾಯ್ರೆ. ಟವರ್ ಬಗ್ಗೆ ಏನೂ ಕೇಳಬೇಡಿ, ದಾರಿ ಬಗ್ಗೆ ಕೇಳಿ. ಎಲ್ಲಿಂದ ಹತ್ತುತ್ತೆ, ಎಷ್ಟು ಅಗಲ, ಜೆಸಿಬಿ ಎಲ್ಲಿ ತಿರುಗುತ್ತೆ, ತೆಗೆದ ಮಣ್ಣು ಎಲ್ಲಿ ಸುರೀತಾರೆ. ಮಳೆಗಾಲದಲ್ಲಿ ಆ ಮಣ್ಣು ಯಾರ ತೋಟಕ್ಕೆ ಇಳಿಯುತ್ತೆ ಅಂತಲೂ ನೋಡಿ. ಕಲ್ಲುಗಳ ಫೋಟೋ ಭಾನುವಾರವೇ ತೆಗೆದಿಡಿ, ಪಕ್ಕದಲ್ಲಿ ಒಂದು ಕತ್ತಿ ಇಟ್ಟು ತೆಗೆದರೆ ಅಳತೆ ಗೊತ್ತಾಗುತ್ತೆ. ಗುರುತಿಗೆ ಕಲ್ಲಿನ ಹತ್ತಿರದ ಮರಕ್ಕೆ ಬಣ್ಣದ ಬಟ್ಟೆ ಕಟ್ಟಿ. ಮತ್ತೆ, ಬನದ ಎಲ್ಲೆ ಗೊತ್ತಿರೋರು ಯಾರಾದರೂ ಜೊತೆಗಿರಲಿ.

---

ಕಡ್ಡಿ ಸಿಗದವ

ಗೊತ್ತಿರೋದು ದೊಡ್ಡಮ್ಮಂಗೆ ಒಬ್ಬರಿಗೇ. ಅವರಿಗೆ ಮೊಣಕಾಲು ನೋವು, ಗುಡ್ಡ ಹತ್ತೋಕಾಗಲ್ಲ. ಸೋಮವಾರಕ್ಕೆ ಜೀಪು ಹೇಳಿದ್ದೀನಿ.